ಸಾವಿರ ಹುಣ್ಣಿಮೆ ಕಂಡ ಮನೆಗೆ

ಮಲೆನಾಡಿನಲ್ಲಿ ನೆಂಟರ ಮನೆಗೆ ಹೋಗುವುದೆಂದರೆ ಒಂದು ಮನೆಗೆ ಹೋಗಿ ಬರುವುದೆಂದು ಯಾರೂ ತಿಳಿಯಬಾರದು. ಹೊರಡುವುದು ಒಂದು ಮನೆಗೆ. ದಾರಿಯಲ್ಲಿ ಹೊಗದೆ ಬಿಟ್ಟರೆ ಮುನಿಸಿಕೊಳ್ಳುವ ಮನೆಗಳು ನಾಲ್ಕು. ಪ್ರತಿಯೊಂದರಲ್ಲೂ ಕಾಲು ತೊಳೆಯಲು ನೀರು, ಆಸರಿಗೆ ಮಜ್ಜಿಗೆಯೋ ಪಾನಕವೋ, ಆಮೇಲೆ ಕವಳದ ಬಟ್ಟಲು. ಗಂಟೆಯ ಲೆಕ್ಕ ಇಟ್ಟುಕೊಂಡು ಹೊರಟವನು ಮೊದಲನೆಯ ಜಗುಲಿಯಲ್ಲಿಯೇ ಸೋಲುತ್ತಾನೆ.

ಕಳೆದ ಮಾಘಮಾಸದಲ್ಲಿ ನಾನು ಹೊರಟದ್ದು ತೀರ್ಥಹಳ್ಳಿಯ ಸಮೀಪದಲ್ಲಿರುವ ನನ್ನ ಸೋದರತ್ತೆಯ ಮನೆಗೆ. ಮಾವನಿಗೆ ಎಂಬತ್ತನಾಲ್ಕು ತುಂಬಿತ್ತು. ಸಹಸ್ರಚಂದ್ರದರ್ಶನ ಶಾಂತಿಯೆಂದು ಕಾಗದ ಬಂದಿತ್ತು. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸರಾಸರಿ 29.53 ದಿನ, ಸಾವಿರ ಹುಣ್ಣಿಮೆಗೆ 29,530 ದಿನ, ಎಂದರೆ 80 ವರ್ಷ 10 ತಿಂಗಳು. ಈ ಲೆಕ್ಕದಂತೆ ಮಾವನವರು ಸಾವಿರವನ್ನು ದಾಟಿ ಮೇಲೆ ಸುಮಾರು ನಲವತ್ತು ಹುಣ್ಣಿಮೆಗಳನ್ನು ಕಂಡಿದ್ದರು. ಎಂಬತ್ತೊಂದರಲ್ಲಿ ಆಗಬೇಕಾಗಿದ್ದ ಶಾಂತಿ ಮೂರು ವರ್ಷ ಹಿಂದೆ ಬಿದ್ದದ್ದೇಕೆ? ಕಾರಣ ನನ್ನ ಅತ್ತೆ.

"ನನ್ನ ತಮ್ಮಂದಿರಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರೆಗೆ ನಾನು ಮಣೆಯ ಮೇಲೆ ಕೂರುವುದಿಲ್ಲ" ಎಂದು ಆಕೆ ಹಟ ಹಿಡಿದಿದ್ದಳು. ಇಂಥ ಶಾಂತಿಯಲ್ಲಿ ಗಂಡ ಹೆಂಡಿರಿಬ್ಬರೂ ಮಣೆಯ ಮೇಲೆ ಕೂರಬೇಕು, ಮತ್ತೊಮ್ಮೆ ಮಾಂಗಲ್ಯಧಾರಣೆಯಾಗಬೇಕು. ಹೆಂಡತಿ ಒಲ್ಲೆನೆಂದರೆ ಪುರೋಹಿತರು ತಾನೇ ಏನು ಮಾಡಿಯಾರು? ತಮ್ಮಂದಿರೆಂದರೆ ನನ್ನ ದೊಡ್ಡಪ್ಪ ಮತ್ತು ಚಿಕ್ಕಪ್ಪ; ನಡುವಿನವರಾದ ನನ್ನ ತಂದೆ ಈಗಿಲ್ಲ. ಈ ಇಬ್ಬರು ಮಾತು ಬಿಟ್ಟು ಮೂವತ್ತೈದು ವರ್ಷಕ್ಕೂ ಮೇಲಾಯಿತು. ಸಾವಿನ ಮನೆಗಳಿಗೆ ಇಬ್ಬರೂ ಬಂದಿದ್ದಾರೆ, ಬೇರೆ ಬೇರೆ ಕಂಬಗಳಿಗೆ ಒರಗಿ ಕುಳಿತಿದ್ದಾರೆ. ಶುಭಕಾರ್ಯಕ್ಕೆ ಮಾತ್ರ ಒಬ್ಬರು ಬಂದಲ್ಲಿ ಇನ್ನೊಬ್ಬರಿಲ್ಲ. ಅವರನ್ನು ಒಂದೇ ಕಾರಿನಲ್ಲಿ ಕೂರಿಸಿ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. "ನೀನು ಕಾಲೇಜಿನಲ್ಲಿ ನೂರು ಹುಡುಗರನ್ನು ಸುಮ್ಮನೆ ಕೂರಿಸುವವನು, ಇಬ್ಬರು ಮುದುಕರನ್ನು ಕೂರಿಸಲಾರೆಯಾ?" ಎಂದು ಅತ್ತೆ ಟೆಲಿಫೋನಿನಲ್ಲಿ ಕೇಳಿದಳು. ಆಕೆ ನಮ್ಮ ಕಾಲೇಜನ್ನು ನೋಡಿಲ್ಲ.

(ನಮ್ಮವರು ಆಡಿದ ಮನೆಮಾತನ್ನು ಇಲ್ಲಿ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ, ಓದುಗರು ಕ್ಷಮಿಸಬೇಕು.)

ಹಿನ್ನೀರಿನ ಆಚೆ

ಬೆಳಗಿನ ರೈಲು ನನ್ನನ್ನು ಸಾಗರದಲ್ಲಿ ಇಳಿಸಿತು. ನಿಲ್ದಾಣದ ಹೆಸರು ಸಾಗರ ಜಂಬಗಾರು. ಒಂದು ಬಾಡಿಗೆ ಕಾರನ್ನು ಗೊತ್ತುಮಾಡಿಕೊಂಡು ಆವಿನಹಳ್ಳಿಯ ಮೇಲೆ ಹೊಳೆಬಾಗಿಲಿನ ಕಡೆ ಹೊರಟೆ. ದೊಡ್ಡಪ್ಪನ ಮನೆ ಇರುವುದು ಹಿನ್ನೀರಿನ ಆಚೆ, ತುಮರಿಯ ಕಡೆಗೆ.

ಹಿನ್ನೀರು ಎಂಬ ಮಾತು ಪಟ್ಟಣದವರಿಗೆ ದೋಣಿವಿಹಾರದ ನೆನಪು ತರುತ್ತದೆ. ಆ ನೀರಿನ ಕೆಳಗೆ ಏನಿದೆಯೆಂಬುದನ್ನು ಸ್ವಲ್ಪ ಹೇಳಬೇಕು. ಶರಾವತಿ ನದಿಗೆ ಮೊದಲ ಕಟ್ಟೆ ಬಿದ್ದದ್ದು ಹಿರೇಭಾಸ್ಕರದಲ್ಲಿ. ಅದರ ನೀರಿನಿಂದ ಜೋಗದ ಕೆಳಗಿನ ವಿದ್ಯುದಾಗಾರ 1948ರಲ್ಲಿ ನಡೆಯತೊಡಗಿತು. ಅಷ್ಟು ಸಾಲದೆಂದು ಹೊಳೆಯ ಇನ್ನೂ ಕೆಳಗೆ ಲಿಂಗನಮಕ್ಕಿಯಲ್ಲಿ ದೊಡ್ಡ ಅಣೆಕಟ್ಟು ಎದ್ದಿತು. 1964ರಲ್ಲಿ ಅದು ಮುಗಿಯಿತು. ಸಮುದ್ರಮಟ್ಟದಿಂದ 1,819 ಅಡಿಯ ತನಕ ನೀರು ನಿಂತಾಗ ಮುನ್ನೂರು ಚದರ ಕಿಲೋಮೀಟರಿನಷ್ಟು ನೆಲ ಕಾಣದಾಗುತ್ತದೆ. ಹಳೆಯ ಹಿರೇಭಾಸ್ಕರದ ಕಟ್ಟೆಯೇ ಹೊಸ ಕಟ್ಟೆಯ ನೀರಿನಲ್ಲಿ ಮುಳುಗಿತು. ಮಳೆ ಕಡಿಮೆಯಾದ ವರ್ಷಗಳ ಬೇಸಗೆಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಜನ ನೋಡಲು ಹೋಗುತ್ತಾರೆ. ಅದರೊಡನೆ ಸಾಗರ, ಹೊಸನಗರ ತಾಲೂಕುಗಳ ಊರುಗಳೂ, ತೋಟಗದ್ದೆಗಳೂ, ದೇವಸ್ಥಾನಗಳೂ ಮುಳುಗಿದವು. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಅದರ ಬೆಳಕಿನಲ್ಲಿ ಓದಿದರು. ಆದರೆ ದೀಪಕ್ಕಾಗಿ ಊರು ಬಿಟ್ಟವರ ಮನೆಗಳಿಗೆ ದೀಪ ಬಂದದ್ದು ಬಹು ತಡವಾಗಿ. ಅರಣ್ಯಭೂಮಿಯಲ್ಲಿ ನೆಲೆಗೊಂಡವರಲ್ಲಿ ಎಷ್ಟೋ ಮಂದಿಯ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ನಮ್ಮ ಅಜ್ಜನ ಮನೆ ಈ ನೀರಿನ ಕೆಳಗಿದೆ. ಅಲ್ಲಿ ನಡೆದ ಕೊನೆಯ ಮದುವೆಯೆಂದರೆ 1963ರ ಬೇಸಗೆಯಲ್ಲಿ ನನ್ನ ಅತ್ತೆಯದು. "ಮುಂದಿನ ಮಳೆಗಾಲವೋ ಅದರಾಚೆಯದೋ, ನೀರು ಬರುತ್ತದೆ" ಎಂದು ಆಗಲೇ ಎಲ್ಲರಿಗೂ ತಿಳಿದಿತ್ತಂತೆ. ಚಪ್ಪರದ ಕಂಬಗಳನ್ನು ಕೀಳುವಾಗ ಅಜ್ಜಿ ಅತ್ತದ್ದು ಮಗಳು ಹೊರಟಳೆಂದೋ ಮನೆ ಹೊರಟಿತೆಂದೋ ಯಾರಿಗೂ ಗೊತ್ತಾಗಲಿಲ್ಲವೆಂದು ಅತ್ತೆ ಹೇಳುವುದುಂಟು.

ಹೊಳೆಬಾಗಿಲಿನಲ್ಲಿ ಕಾರು ನಿಲ್ಲಲಿಲ್ಲ. ನಿಲ್ಲದಿದ್ದದ್ದೇ ನನಗೆ ಒಂದು ಬಗೆಯ ಕಳವಳವಾಯಿತು. ಚಿಕ್ಕಂದಿನಿಂದ ಇಲ್ಲಿ ಕಾದು ಕುಳಿತವನು ನಾನು. ಬಸ್ಸು, ಕಾರು, ಎಮ್ಮೆ, ಮದುವೆಯ ದಿಬ್ಬಣ, ಬಸುರಿ, ಬಾಣಂತಿ, ಎಲ್ಲರನ್ನೂ ಒಂದೇ ಹಾಸಿನ ಮೇಲೆ ಹೊತ್ತು ಲಾಂಚು ಆಚೆ ದಡ ಸೇರಿಸುತ್ತಿತ್ತು. ಸಂಜೆ ಲಾಂಚು ನಿಂತ ಮೇಲೆ ಕಾಯಿಲೆಯವರ ಪಾಡು ದೇವರಿಗೇ ಪ್ರೀತಿ. ಈಗ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಮಿಕ್ಕಿದ ತೂಗುಹಗ್ಗದ ಸೇತುವೆ ಬಂದಿದೆ. 2025ರ ಜುಲೈ 14ರಂದು ಅದರ ಉದ್ಘಾಟನೆಯಾಯಿತು. ಅರುವತ್ತು ವರ್ಷ ಕಾದ ದಡಕ್ಕೆ ಕಾರು ಕೆಲವೇ ನಿಮಿಷಗಳಲ್ಲಿ ಮುಟ್ಟಿತು.

ದೊಡ್ಡಪ್ಪ ಪಂಚೆಯುಟ್ಟು, ಶಾಲು ಹೊದ್ದು, ಕೈಚೀಲ ಹಿಡಿದು ಜಗುಲಿಯಲ್ಲಿ ಸಿದ್ಧರಾಗಿ ಕುಳಿತಿದ್ದರು. ಎಪ್ಪತ್ತೇಳರ ವಯಸ್ಸು. ನನ್ನನ್ನು ನೋಡಿ, "ಬಂದೆಯಾ ಮಾಣಿ? ಒಂದು ಮಾತು ಮೊದಲೇ ಹೇಳುತ್ತೇನೆ. ಅಕ್ಕ ಕರೆದಳು, ಬರುತ್ತೇನೆ. ಮತ್ತೊಬ್ಬರ ಮನೆಯ ಮೆಟ್ಟಿಲು ಹತ್ತು ಎನ್ನಬೇಡ" ಎಂದರು. ನಾನು ತಲೆಯಾಡಿಸಿದೆ. ಕಾರಿನಲ್ಲಿಯೇ ಕೂರಬಹುದಲ್ಲ ಎಂದುಕೊಂಡೆ.

ರಾಜಧಾನಿಗಳೂ ಮನೆ ಬದಲಿಸಿದ ದಾರಿ

ಸಾಗರಕ್ಕೆ ಹಿಂದಿರುಗದೆ ನಿಟ್ಟೂರು, ಸಂಪೆಕಟ್ಟೆ, ನಗರದ ಮೇಲೆ ಹೊಸನಗರಕ್ಕೆ ಹೋಗೋಣವೆಂದು ದೊಡ್ಡಪ್ಪನವರೇ ಸೂಚಿಸಿದರು. ಕೊಡಚಾದ್ರಿಯ ಬುಡದ ಆ ದಾರಿಯಲ್ಲಿ ಬೆಳಗಿನ ಮಂಜು ಇನ್ನೂ ಆರಿರಲಿಲ್ಲ. ಅಡಕೆಯ ಕೊನೆಕೊಯ್ಲು ಮುಗಿದು ಅಂಗಳಗಳಲ್ಲಿ ಬೇಯಿಸಿದ ಅಡಕೆ ಕೆಂಪಗೆ ಒಣಗುತ್ತಿತ್ತು.

ನಗರದ ಕೋಟೆ ಕಂಡಾಗ ಮೇಷ್ಟರ ಬುದ್ಧಿ ನನ್ನನ್ನು ಬಿಡಲಿಲ್ಲ. ಕೆಳದಿಯ ನಾಯಕರು ಮೊದಲು ಆಳಿದ್ದು ಸಾಗರದ ಹತ್ತಿರದ ಕೆಳದಿಯಿಂದ. ಅಲ್ಲಿಂದ ರಾಜಧಾನಿ ಇಕ್ಕೇರಿಗೆ ಬಂತು. ಅಘೋರೇಶ್ವರನ ಆ ದೊಡ್ಡ ದೇವಾಲಯ ಮಾತ್ರ ಅಲ್ಲಿ ಸಾಕ್ಷಿಯಾಗಿ ನಿಂತಿದೆ. ಇಕ್ಕೇರಿಯಿಂದ ಹದಿನೇಳನೆಯ ಶತಮಾನದಲ್ಲಿ ಈ ಬಿದನೂರಿಗೆ ಬಂತು. ಗದ್ದೆತೋಟಗಳಿಗೆ ಕಂದಾಯವನ್ನು ಗೊತ್ತುಮಾಡಿ 'ಶಿಸ್ತಿನ' ಶಿವಪ್ಪನಾಯಕನೆನಿಸಿಕೊಂಡವನು ಆಳಿದ್ದು ಇಲ್ಲಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿ ಇದೇ ನಾಡಿನ ರಾಣಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರವೆಂದು ಕರೆದ. ಹೈದರ ಹೋಗಿ ನಗರ ಉಳಿಯಿತು. ಮುಂದೆ ತಾಲೂಕಿನ ಕಚೇರಿ ಇಲ್ಲಿಂದ ಕಲ್ಲೂರುಕಟ್ಟೆಗೆ ಹೋಯಿತು. ಆ ಕಲ್ಲೂರುಕಟ್ಟೆಯೇ ಇಂದಿನ ಹೊಸನಗರ.

ಇದನ್ನೆಲ್ಲ ಕೇಳಿದ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಸೀಮೆಯಲ್ಲಿ ಅರಸರೂ ಒಂದೇ ಮನೆಯಲ್ಲಿ ಇರಲಿಲ್ಲವೆನ್ನು" ಎಂದರು. ಆಮೇಲೆ ತಾವಾಗಿಯೇ ಜಗಳದ ಕಥೆ ತೆಗೆದರು.

ನೀರು ಬಂದಾಗ ಅಜ್ಜ ಸಿಕ್ಕ ಪರಿಹಾರವನ್ನು ತೆಗೆದುಕೊಂಡು ಹೊಸನಗರ ತಾಲೂಕಿನಲ್ಲಿ ಹೊಸ ತೋಟ ಮಾಡಿದರು. ಇಪ್ಪತ್ತು ವರ್ಷ ಕಳೆದು ಆ ಅಡಕೆಮರಗಳು ಫಲ ಕೊಡುವ ಹೊತ್ತಿಗೆ ಮತ್ತೆ ಅಣೆಕಟ್ಟುಗಳ ಕಾಲ ಬಂತು. 1980ರ ದಶಕದಲ್ಲಿ ಹೊಸನಗರ ತಾಲೂಕಿನಲ್ಲಿ ಚಕ್ರಾ, ಸಾವೆಹಕ್ಲು, ಮಾಣಿ ಎಂದು ಒಂದರ ಹಿಂದೊಂದು ಜಲಾಶಯಗಳಾದವು. ಚಕ್ರಾ, ಸಾವೆಹಕ್ಲುಗಳ ನೀರು ಲಿಂಗನಮಕ್ಕಿಗೆ, ಮಾಣಿಯದು ವಾರಾಹಿಯ ವಿದ್ಯುತ್ತಿಗೆ. ನಮ್ಮ ತೋಟದ ಒಂದು ಭಾಗ ಎರಡನೆಯ ಸಲವೂ ನೀರಿನ ಪಾಲಾಯಿತು. ಹಿರಿಯರು, "ಹಳೆಯ ಊರಿನ ತಲೆಯ ಮೇಲೆ ಮುಳುಗದೆ ಉಳಿದ ಗುಡ್ಡವಿದೆ, ಅಲ್ಲಿಗೇ ಹಿಂದಿರುಗೋಣ" ಎಂದರು. ಕಿರಿಯರು, "ನೀರಿಗೆ ಎರಡು ಸಲ ಹೆದರಿದ್ದು ಸಾಕು, ಉಳಿದ ತೋಟ ಬಿಟ್ಟು ಬರಲಾರೆ" ಎಂದರು. ಪರಿಹಾರದ ಹಣ ಎರಡು ಪಾಲಾಯಿತು. ಅದರ ಜೊತೆಗೆ ಮನಸ್ಸೂ.

"ಹಣದ ಮಾತು ಬಿಡು" ಎಂದರು ದೊಡ್ಡಪ್ಪ. "ಹೆಬ್ಬಾಗಿಲನ್ನು ನನಗೆ ಕೊಡಲಿಲ್ಲ."

ಹೆಬ್ಬಾಗಿಲು

ಹೆಬ್ಬಾಗಿಲಿನ ಕಥೆ ನನಗೂ ಗೊತ್ತು. ನೀರು ಬರುವ ಮುನ್ನ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿ ಹಂಚು, ತೊಲೆ, ಬಾಗಿಲುಗಳನ್ನು ಗಾಡಿಯ ಮೇಲೆ ಸಾಗಿಸಿದರು. ಅಜ್ಜ ಮೊದಲು ಬಿಚ್ಚಿಸಿದ್ದು ಹೆಬ್ಬಾಗಿಲಿನ ದಾರಂದ. ಹೊಸನಗರದ ಮನೆಗೆ ಗೋಡೆ ಏಳುವ ಮುಂಚೆ ಬಾಗಿಲು ನಿಂತಿತಂತೆ. ಪಾಲಿನಲ್ಲಿ ಆ ಮನೆ ಚಿಕ್ಕಪ್ಪನಿಗೆ ಬಂದದ್ದರಿಂದ ಬಾಗಿಲೂ ಅಲ್ಲಿಯೇ ಉಳಿಯಿತು.

ಕಾರು ಅಂಗಳದಲ್ಲಿ ನಿಂತಾಗ ದೊಡ್ಡಪ್ಪ ಇಳಿಯಲಿಲ್ಲ. ಚಿಕ್ಕಮ್ಮ ಹಿತ್ತಾಳೆಯ ಚೆಂಬಿನಲ್ಲಿ ನೀರು ತಂದು ಕಾರಿನ ಪಕ್ಕದಲ್ಲಿಟ್ಟು, "ಭಾವ, ಕಾಲಿಗೆ ನೀರು" ಎಂದರು. ಕಾಲಿಗೆ ನೀರು ಕೊಟ್ಟ ಮೇಲೆ ಇಳಿಯದಿರುವುದು ನಮ್ಮ ಕಡೆ ಬೈಗುಳಕ್ಕಿಂತ ದೊಡ್ಡ ಅಪಮಾನ. ದೊಡ್ಡಪ್ಪ ಇಳಿದರು, ಕಾಲು ತೊಳೆದರು. ಹೊಸ್ತಿಲ ಈಚೆಗೇ ನಿಂತು ದಾರಂದವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಬಲಗೈಯನ್ನು ಮರದ ಮೇಲೆ ಒಮ್ಮೆ ಆಡಿಸಿದರು. ಸೊಂಟದ ಎತ್ತರದಲ್ಲಿ ಒಂದು ಸಣ್ಣ ಕಚ್ಚು ಇತ್ತು. ಅಲ್ಲಿ ಬೆರಳು ನಿಂತಿತು.

ಒಳಗೆ ಚಿಕ್ಕಪ್ಪ ಶಾಲು ಹೊದ್ದು ನಿಂತಿದ್ದರು. ಇಬ್ಬರ ನಡುವೆ ಇದ್ದದ್ದು ಒಂದು ಹೊಸ್ತಿಲು ಮಾತ್ರ. ನನ್ನ ಎದೆ ಡವಗುಟ್ಟಿತು.

"ಎಣ್ಣೆ ಹಚ್ಚುತ್ತೀಯಾ?" ಎಂದು ದೊಡ್ಡಪ್ಪ ಕೇಳಿದರು.

"ವರ್ಷವೂ. ಮಳೆಗಾಲಕ್ಕೆ ಮುಂಚೆ."

"ಗೆದ್ದಲು?"

"ಬಿಟ್ಟಿಲ್ಲ."

ಇಷ್ಟೇ ಮಾತು. ಮೂವತ್ತೈದು ವರ್ಷದ ಮೌನ ಮುರಿಯುವಾಗ ಯಾರಾದರೂ ಕಣ್ಣೀರು ಸುರಿಸಿಯಾರೆಂದು ನಾನು ಎಣಿಸಿದ್ದೆ. ಚಿಕ್ಕಮ್ಮ ಒಳಗಿನಿಂದ ತೊಡೆದೇವು ತಂದರು. ಆಲೆಮನೆಯ ಕಾಲ, ಕಬ್ಬಿನ ಹಾಲಿನಲ್ಲಿ ಹಿಟ್ಟು ಕಲಸಿ ಕಾದ ಮಡಕೆಯ ಬೆನ್ನಿನ ಮೇಲೆ ಎಳೆದ, ಕಾಗದದಂತೆ ತೆಳ್ಳಗಿನ ತಿಂಡಿ. ದೊಡ್ಡಪ್ಪ ಹೊರಗಿನ ಜಗುಲಿಯಲ್ಲಿ ಕುಳಿತು ಎರಡು ತಿಂದರು. ಹೊಸ್ತಿಲು ದಾಟಲಿಲ್ಲ.

ಕಾರಿನಲ್ಲಿ ದೊಡ್ಡಪ್ಪ ಮುಂದೆ, ಚಿಕ್ಕಪ್ಪ ಹಿಂದೆ ನನ್ನ ಪಕ್ಕದಲ್ಲಿ. ಐದಾರು ಮೈಲಿ ಯಾರೂ ಮಾತಾಡಲಿಲ್ಲ. ದಾರಿಯ ಬದಿಯ ತೋಟವೊಂದರಲ್ಲಿ ಅಡಕೆಯ ಹೆಡೆಗಳೆಲ್ಲ ಸುಟ್ಟಂತೆ ಹಳದಿಯಾಗಿ ಬಾಗಿದ್ದವು. ದೊಡ್ಡಪ್ಪ ಮುಂದೆ ನೋಡುತ್ತಲೇ, "ಎಲೆಚುಕ್ಕಿ. ಅವನ ತೋಟಕ್ಕೂ ಬಂದಿದೆಯೋ ಕೇಳು ಮಾಣಿ" ಎಂದರು. ನಾನು ಪಕ್ಕಕ್ಕೆ ತಿರುಗಿ ಕೇಳಿದೆ. "ಬಂದಿದೆ ಎನ್ನು. ಮೇಲಿನ ತೋಟ ಪೂರಾ" ಎಂದರು ಚಿಕ್ಕಪ್ಪ. "ಕೊಳೆಗೆ ಹೊಡೆಯುವ ಬೋರ್ಡೋ ಸಾಕಾಗುವುದಿಲ್ಲವೆನ್ನುತ್ತಾರೆ, ಏನು ಹೊಡೆದನಂತೆ?" ಎಂದು ಮುಂದಿನ ಆಸನ ಕೇಳಿತು. ಬೋರ್ಡೋ ಎಂದರೆ ಮಲೆನಾಡಿನ ಹುಡುಗರಿಗೂ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹಿಂದಿನ ಆಸನ ಉತ್ತರಿಸಿತು. ಹೀಗೆ ನಾಲ್ಕು ಸಲ ನನ್ನ ಮೂಲಕ ಹೋಗಿ ಬಂದ ಮಾತು ಐದನೆಯ ಸಲ ನನ್ನನ್ನು ಬಿಟ್ಟು ನೇರವಾಗಿ ಹೋಯಿತು. ನಾನು ಕಿಟಕಿಯಿಂದ ಹೊರಗೆ ನೋಡತೊಡಗಿದೆ.

ಅಂಬುತೀರ್ಥ

ತೀರ್ಥಹಳ್ಳಿಯ ದಾರಿಯಿಂದ ಒಳಗೆ ಹೊರಳಿದರೆ ಅಂಬುತೀರ್ಥ. ಶರಾವತಿ ಹುಟ್ಟುವುದು ಅಲ್ಲಿ. ಶಾಂತಿಯ ಕಲಶಕ್ಕೆ ಅಲ್ಲಿಯ ನೀರು ತರಬೇಕೆಂದು ಅತ್ತೆ ನನ್ನ ಕಡೆಗೆ ತಾಮ್ರದ ತಂಬಿಗೆಯೊಂದನ್ನು ಮೊದಲೇ ಕಳುಹಿಸಿದ್ದಳು.

ಸೀತೆಗೆ ಬಾಯಾರಿದಾಗ ರಾಮ ನೆಲಕ್ಕೆ ಬಾಣ ಬಿಟ್ಟನೆಂದೂ ನೀರು ಚಿಮ್ಮಿತೆಂದೂ ಸ್ಥಳಪುರಾಣ. ಶರದಿಂದ ಬಂದವಳು ಶರಾವತಿ. ಹೊಳೆ ಇಲ್ಲಿಂದ ಹೊರಟು ಹೊಸನಗರ, ಸಾಗರಗಳ ನೆಲವನ್ನು ಹಾದು, ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಉದ್ದ ಸುಮಾರು 128 ಕಿಲೋಮೀಟರ್. ನಾವು ಬೆಳಗಿನಿಂದ ಬಂದದ್ದೆಲ್ಲ ಹೊಳೆಗೆ ಎದುರಾಗಿ: ಅಗಲವಾದ ಹಿನ್ನೀರಿನಿಂದ ಹೊರಟು ಅದರ ಬುಡಕ್ಕೆ.

ಬುಡದಲ್ಲಿ ಇರುವುದು ಒಂದು ಲಿಂಗ, ಒಂದು ಪುಟ್ಟ ಕೊಳ, ಮರದ ನೆರಳು. ಅದರಿಂದ ಹೊರಬೀಳುವ ನೀರನ್ನು ಒಂದು ಅಂಗೈಯಿಂದ ತಡೆಯಬಹುದು. ಎಪ್ಪತ್ತು ದಾಟಿದ ಇಬ್ಬರೂ ಅಲ್ಲಿಗೆ ಬಂದದ್ದು ಅದೇ ಮೊದಲು. ಮೂರು ತಾಲೂಕುಗಳಲ್ಲಿ ಈ ಹೊಳೆಯೊಡನೆ ಬಾಳಿದವರು, ಅದರಿಂದ ಮನೆ ಕಳೆದುಕೊಂಡವರು, ಅದು ಹುಟ್ಟುವ ಜಾಗವನ್ನು ನೋಡಿರಲಿಲ್ಲ.

"ಇಷ್ಟೇ?" ಎಂದರು ಚಿಕ್ಕಪ್ಪ.

"ಇಷ್ಟೇ" ಎಂದರು ದೊಡ್ಡಪ್ಪ. "ಇದು ನಮ್ಮ ಮನೆ ಮುಳುಗಿಸಿತೆಂದರೆ ಯಾರು ನಂಬಿಯಾರು? ಇದರ ತಪ್ಪೇನು? ಇದರ ಪಾಡಿಗೆ ಇದು ಹರಿಯುತ್ತಿತ್ತು."

ತಂಬಿಗೆಯನ್ನು ತುಂಬಿಸಿದ್ದು ಚಿಕ್ಕಪ್ಪ. ಮೆಟ್ಟಿಲು ಹತ್ತುವಾಗ ಅವರ ಮೊಣಕಾಲು ಹಿಡಿಯಿತು. ದೊಡ್ಡಪ್ಪ ಏನೂ ಹೇಳದೆ ತಂಬಿಗೆಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಚಪ್ಪರದ ಕೆಳಗೆ

ಅತ್ತೆಯ ಮನೆಯ ಅಂಗಳದಲ್ಲಿ ಅಡಕೆಯ ಸೋಗೆಯ ಚಪ್ಪರ. ಬೆಂಗಳೂರು, ಮಂಗಳೂರು, ಪುಣೆಗಳಿಂದ ಮೊಮ್ಮಕ್ಕಳು ಬಂದಿದ್ದರು. ಬಳಗದ ಹಿರಿಯರನೇಕರು ಅದೇ ಮುಳುಗಿದ ಊರಿನವರು, ಅಲ್ಲಲ್ಲಿ ಚೆದರಿ ಬಾಳುತ್ತಿರುವವರು. ಅವರು ಜಗುಲಿಯಲ್ಲಿ ಕುಳಿತರೆ ಇಲ್ಲದ ಊರು ಎದ್ದು ಬರುತ್ತದೆ. ಒಬ್ಬರು ಬಾವಿಯ ಮಾತು ತೆಗೆದರೆ ಇನ್ನೊಬ್ಬರು ಅದರ ಬಳಿಯ ಹಲಸಿನ ಮರದ ರುಚಿ ಹೇಳುತ್ತಾರೆ. ಭೂಪಟದಲ್ಲಿ ನೀಲಿ ಬಣ್ಣ ಬಳಿದ ಜಾಗದಲ್ಲಿ ಯಾರ ಮನೆಗೆ ಎಷ್ಟು ಮೆಟ್ಟಿಲೆಂಬುದು ಇವರಿಗೆ ನೆನಪಿದೆ. ಇವರ ಕಾಲ ಕಳೆದ ಮೇಲೆ ಆ ಊರು ಎರಡನೆಯ ಸಲ ಮುಳುಗುತ್ತದೆ ಎಂಬ ಯೋಚನೆ ನನಗೆ ಅಲ್ಲಿ ಕುಳಿತಾಗ ಬಂತು. ನೆಂಟರ ಮನೆಯ ಕಾರ್ಯಗಳಿಗೆ ರಜೆ ಹಾಕಿ ಹೋಗಬೇಕೋ ಬೇಡವೋ ಎಂದು ಲೆಕ್ಕ ಹಾಕುವ ನಮ್ಮಂಥವರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ತಮ್ಮಂದಿರಿಬ್ಬರೂ ಒಂದೇ ಕಾರಿನಿಂದ ಇಳಿದದ್ದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ಹಸಿದಿದ್ದೀರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಒಳಗೆ ಬಹಳ ಹೊತ್ತು ಇದ್ದಳು.

ಮರುದಿನ ಬೆಳಿಗ್ಗೆ ಶಾಂತಿ. ಹೋಮವಾಯಿತು. ಕಲಶದ ನೀರನ್ನು ಮಕ್ಕಳು, ಮೊಮ್ಮಕ್ಕಳು ದಂಪತಿಗಳ ತಲೆಯ ಮೇಲೆ ಎರೆದರು. ಅಂಬುತೀರ್ಥದ ನೀರು ಅದರಲ್ಲಿ ಸೇರಿತ್ತು. ಮಾಂಗಲ್ಯಧಾರಣೆಯ ಹೊತ್ತಿಗೆ ಮಾವನವರ ಕೈ ನಡುಗಿ ಗಂಟು ಕೂಡಲಿಲ್ಲ. "1963ರಲ್ಲಿಯೂ ಹೀಗೆಯೇ ನಡುಗಿತ್ತು, ಆಗ ಹೆದರಿಕೆಗೆ" ಎಂದರು ಮಾವ. ಚಪ್ಪರವೆಲ್ಲ ನಕ್ಕಿತು.

ಆಶೀರ್ವಾದಕ್ಕೆ ಬಂದ ಹಿರಿಯರೊಬ್ಬರು, ಸಾವಿರ ಚಂದ್ರರನ್ನು ಕಂಡ ಪುಣ್ಯವಂತರೆಂದು ಮಾವನವರನ್ನು ಹೊಗಳಿದರು. ಮಾವ ಕೈಯೆತ್ತಿ ತಡೆದರು. "ಲೆಕ್ಕ ತಪ್ಪು. ನಮ್ಮ ಮಲೆನಾಡಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಹುಣ್ಣಿಮೆಯೆಂದು ಪಂಚಾಂಗದಲ್ಲಿ ಇರುತ್ತದೆಯೇ ಹೊರತು ಆಕಾಶದಲ್ಲಿ ಇರುವುದಿಲ್ಲ. ನಾನು ಕಂಡದ್ದು ಏಳುನೂರರ ಹತ್ತಿರ. ಸಾವಿರ ತುಂಬಬೇಕಾದರೆ ನೂರಿಪ್ಪತ್ತೊಂದು ವರ್ಷ ಇರಬೇಕು. ಆಗ ಮತ್ತೆ ಬನ್ನಿ."

ಊಟದ ಪಂಕ್ತಿಯಲ್ಲಿ ಎರಡು ಬಾಳೆಲೆಗಳನ್ನು ಅತ್ತೆಯೇ ಪಕ್ಕ ಪಕ್ಕ ಹಾಕಿಸಿದಳು. ಅಪ್ಪೆಹುಳಿ, ತಂಬುಳಿ, ಕಾಯಿಹೋಳಿಗೆ. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಂಬತ್ತರ ಮದುವಣಗಿತ್ತಿ ತಾನೇ ತುಪ್ಪ ಬಡಿಸಲು ಬಂದಳು. ಇಬ್ಬರಿಗೂ ಬಡಿಸಿ, ಮಾತಿಲ್ಲದೆ, ಸ್ವಲ್ಪ ಹೊತ್ತು ಅಲ್ಲಿಯೇ ನಿಂತಳು. "ತುಪ್ಪ ಸಾಕು ಅಕ್ಕಾ" ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಹಿಂದಿರುಗುವಾಗ ಚಿಕ್ಕಪ್ಪನನ್ನು ಇಳಿಸಲು ಹೊಸನಗರದ ಮನೆಯ ಮುಂದೆ ಕಾರು ನಿಂತಿತು. ಚಿಕ್ಕಪ್ಪ ಇಳಿದು, ಬಾಗಿಲು ಹಿಡಿದುಕೊಂಡು, ತಲೆ ತಗ್ಗಿಸಿ, "ಅಣ್ಣಾ, ಹೆಬ್ಬಾಗಿಲನ್ನು ಬೇಕಾದರೆ ಬಿಚ್ಚಿಸಿ ಕಳುಹಿಸುತ್ತೇನೆ. ಈಗ ಸೇತುವೆಯಾಗಿದೆ, ಲಾರಿ ಹೋಗುತ್ತದೆ" ಎಂದರು.

ದೊಡ್ಡಪ್ಪ ಒಂದು ಗಳಿಗೆ ಯೋಚಿಸಿದರು. "ಬೇಡ. ಒಂದು ಸಲ ಬಿಚ್ಚಿದ್ದು ಸಾಕು. ಅಲ್ಲಿಯೇ ಇರಲಿ. ಆ ಕಚ್ಚು ನಾನು ಅಪ್ಪಯ್ಯನ ಕತ್ತಿ ಕದ್ದು ಹೊಡೆದದ್ದು, ನಿನಗೆ ಗೊತ್ತಿಲ್ಲ."

"ಗೊತ್ತು. ಪೆಟ್ಟು ತಿಂದವನು ನಾನು."

ದೊಡ್ಡಪ್ಪ ಕಾರಿನಿಂದ ಇಳಿದರು. ಚಿಕ್ಕಮ್ಮ ಚೆಂಬು ತರುವಷ್ಟರಲ್ಲಿ ಇಬ್ಬರೂ ಹೊಸ್ತಿಲು ದಾಟಿ ಒಳಗೆ ಹೋಗಿದ್ದರು. ಅಂಗಳದಲ್ಲಿ ನಾನೂ ಕಾರಿನ ಡ್ರೈವರನೂ ಉಳಿದೆವು. "ಸಾರ್, ಸಂಜೆಯೊಳಗೆ ಹೊಳೆ ದಾಟಬೇಕಲ್ಲವೇ?" ಎಂದು ಅವನು ಕೇಳಿದ. ಹಳೆಯ ಅಭ್ಯಾಸ. ಈಗ ಎಷ್ಟು ಹೊತ್ತಿಗಾದರೂ ದಾಟಬಹುದೆಂದು ಹೇಳಿ ನಾನೂ ಕಾಲು ತೊಳೆದೆ.